ಅಡುಗೆಮನೆ ಬಾಗಿಲಿಂದ ಬನ್ನಿ

ನಮ್ಮ ಪುರಸಭೆಯ ಹಿರಿಯರ ಆರೈಕೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಪಕ್ಕದ ಮನೆಯ ಉಮೆನೊ ಅಜ್ಜಿಗೆ ನೀವು ಮೂರು ಕೊಟ್ಟಿದ್ದೀರಿ. ನಮ್ಮಮ್ಮನಿಗೆ ಕೊಟ್ಟಿರುವುದು ಒಂದು. ನನ್ನ ದೂರು ಇಷ್ಟೇ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ನೀವು ಅಂದುಕೊಳ್ಳಬಹುದು. ಹೌದು, ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ. ಎಪ್ಪತ್ತು ಮುಟ್ಟಿದ ಮೇಲೆ ಅದನ್ನು ನ್ಯಾಯ, ನೀತಿ ಎಂದೆಲ್ಲ ಹೆಸರು ಬದಲಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ.

ಈ ಅಂಕೆಗಳ ಗುಟ್ಟು ಮನೆಯಲ್ಲಿ ವಯಸ್ಸಾದವರು ಇಲ್ಲದವರಿಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಕಚೇರಿಯಿಂದ ಒಬ್ಬರು ಮನೆಗೆ ಬಂದು ವಯಸ್ಸಾದವರನ್ನು ಒಂದು ಗಂಟೆ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಕೈ ಎತ್ತಿ, ಎದ್ದು ನಿಲ್ಲಿ, ಇವತ್ತು ಯಾವ ತಿಂಗಳು, ನಿಮ್ಮ ಹುಟ್ಟಿದ ದಿನ ಯಾವುದು, ಹೀಗೆ ಎಪ್ಪತ್ತು ಚಿಲ್ಲರೆ ಪ್ರಶ್ನೆ. ಎಷ್ಟು ಕೈಲಾಗುವುದಿಲ್ಲವೋ ಅಷ್ಟು ದೊಡ್ಡ ಅಂಕೆ, ಅಂಕೆ ದೊಡ್ಡದಾದಷ್ಟೂ ಹೆಚ್ಚು ನೆರವು. ಉಮೆನೊ ಅಜ್ಜಿಗೆ ‘ಆರೈಕೆ ಮೂರು’ ಬಂತು. ನಮ್ಮಮ್ಮ ಶಿಗೆನೊಗೆ ನಿಮ್ಮ ಏಣಿಯ ತೀರ ಕೆಳಗಿನ ಮೆಟ್ಟಿಲು, ‘ಬೆಂಬಲ ಒಂದು’. ತೊಂಬತ್ತೆರಡು ವರ್ಷದ ಹೆಂಗಸಿಗೆ ಸ್ವಲ್ಪ ಬೆಂಬಲ ಸಾಕಂತೆ. ಊರುಗೋಲಿಗೂ ಇದಕ್ಕಿಂತ ಹೆಚ್ಚು ಬೆಂಬಲ ಬೇಕಾಗುತ್ತದೆ, ಮಾನ್ಯರೇ.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಿಮ್ಮ ಬಿಳಿ ವ್ಯಾನು ಪಕ್ಕದ ಮನೆಯ ಮುಂದೆ ನಿಲ್ಲುತ್ತದೆ. ಅದು ಹಿಂದೆ ಸರಿಯುವಾಗ ಹೊರಡಿಸುವ ಪೀಂ ಪೀಂ ನನ್ನ ಹಲ್ಲಿನ ಬೇರಿಗೆ ತಾಗುತ್ತದೆ. ಇಬ್ಬರು ಹುಡುಗಿಯರು ಇಳಿದು, ಉಮೆನೊ ಅಜ್ಜಿಯನ್ನು ಮದುಮಗಳಂತೆ ಹತ್ತಿಸಿಕೊಂಡು, ವಯಸ್ಸಾದವರನ್ನು ಸಂಜೆಯವರೆಗೆ ನೋಡಿಕೊಳ್ಳುವ ನಿಮ್ಮ ಹಗಲುಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಕುರ್ಚಿಯ ಸಮೇತ ಬಿಸಿನೀರಿನ ತೊಟ್ಟಿಗೆ ಇಳಿಸುವ ಯಂತ್ರವಿದೆಯಂತೆ. ನಮ್ಮ ಮನೆಯಲ್ಲಿ ಆ ಯಂತ್ರ ನಾನೇ, ಅದೂ ಸೊಂಟದ ಕೀಲು ಸವೆದ ಯಂತ್ರ. ವ್ಯಾನು ತಿರುವಿನಲ್ಲಿ ಮರೆಯಾದದ್ದೇ ತಡ, ಉಮೆನೊ ಅಜ್ಜಿಯ ಸೊಸೆ ಮಸಾಯೊ ಹಾಡು ಗುನುಗುತ್ತ ಹಾಸಿಗೆ ಒಣಹಾಕುತ್ತಾಳೆ. ಆಮೇಲೆ ಸೈಕಲ್ ತೆಗೆದು ಪೇಟೆಗೆ ಹೋಗುತ್ತಾಳೆ. ಕಳೆದ ತಿಂಗಳು ತಲೆಗೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಳು. ನಾನು ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕೂತು ಮೂರು ವರ್ಷವಾಯಿತು. ಅಮ್ಮನ ಹೊಲಿಗೆ ಕತ್ತರಿಯಲ್ಲಿ ಕನ್ನಡಿ ನೋಡಿಕೊಂಡು ಕತ್ತರಿಸಿಕೊಳ್ಳುತ್ತೇನೆ, ಹಿಂಭಾಗ ದೇವರಿಗೆ ಬಿಟ್ಟದ್ದು.

ಹಾಗಾದರೆ ಉಮೆನೊ ಅಜ್ಜಿ ನಮ್ಮಮ್ಮನಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದಾರೆಯೇ? ಆಕೆಗೆ ಕಿವಿ ಮಂದ, ಮೊಣಕಾಲು ಹಿಡಿದಿದೆ, ನಿಜ. ಆದರೆ ಇವತ್ತಿಗೂ ಹೂವಿನ ಚಿತ್ರದ ಇಸ್ಪೀಟಿನಲ್ಲಿ ಸೊಸೆಯನ್ನು ಸೋಲಿಸುತ್ತಾರೆ. ನಮ್ಮಮ್ಮ ವಿದ್ಯುತ್ತಿನ ಅನ್ನದ ಕುಕ್ಕರನ್ನು ಎತ್ತಿ ಗ್ಯಾಸಿನ ಉರಿಯ ಮೇಲೆ ಇಡುತ್ತಾರೆ. ಎರಡು ಸಲ ಆಗಿದೆ. ಹಾಗಿದ್ದೂ ನಿಮ್ಮ ಅಂಕೆಗಳು ಉಲ್ಟಾ ಹೇಗಾದವು? ಹೇಳುತ್ತೇನೆ, ಸಾವಧಾನವಾಗಿ ಕೇಳಿ.

ಕಳೆದ ನವೆಂಬರಿನಲ್ಲಿ, ಇಂಥ ದಿನ ಹತ್ತು ಗಂಟೆಗೆ ನಮ್ಮ ಅಧಿಕಾರಿ ಬರುತ್ತಾರೆ ಎಂದು ನೀವು ಕಾಗದ ಕಳಿಸಿದಿರಿ. ಮನೆಗೆ ಅಧಿಕಾರಿ ಬರುತ್ತಾರೆ ಎಂದರೆ ನಮ್ಮ ಕಡೆಯವರು ಏನು ಮಾಡುತ್ತೇವೆ? ಎರಡು ದಿನ ಮನೆ ತೊಳೆದೆ. ಕಾಗದದ ಕಿಟಕಿಗಳಿಗೆ ಹೊಸ ಕಾಗದ ಅಂಟಿಸಿದೆ. ಒಲೆಯ ಮೇಲಿನ ಸುಟ್ಟ ಕಲೆಯನ್ನು ಬೂದಿ ಹಾಕಿ ತಿಕ್ಕಿದೆ. ಅಮ್ಮನ ಡೈಪರುಗಳ ಕಟ್ಟನ್ನು ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದೆ. ಅಮ್ಮನನ್ನು ಮೀಯಿಸಿ, ಮೂವತ್ತು ವರ್ಷದ ಹಿಂದಿನ ಬೂದುಬಣ್ಣದ ಕಿಮೊನೊ ಉಡಿಸಿದೆ. ಯಾರಿಗೆ ಸಂಕಟ ತೋರಿಸಬೇಕಿತ್ತೋ ಅವರು ಬರುವ ಮೊದಲೇ ಸಂಕಟವನ್ನೆಲ್ಲ ಗುಡಿಸಿ ಮೂಲೆಗಿಟ್ಟೆ. ತಪ್ಪು ನಿಮ್ಮದೊಬ್ಬರದೇ ಎಂದು ನಾನು ಹೇಳುತ್ತಿಲ್ಲ.

ಆದರೂ ಅಷ್ಟು ಪೆದ್ದನಲ್ಲ ನಾನು. ಅಮ್ಮನ ಎದುರು ಅಮ್ಮನ ಕುಂದು ಹೇಳಲು ನಾಲಿಗೆ ಏಳುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಹತ್ತಕ್ಕೆ ಸರಿಯಾಗಿ ಮುಂಬಾಗಿಲು ಸರಿಯಿತು. ಆ ಬಾಗಿಲಿನ ಸದ್ದು ಬೇರೆ, ಮಾನ್ಯರೇ. ಊರವರು ಯಾರೂ ಅದರಲ್ಲಿ ಬರುವುದಿಲ್ಲ, ಅಡುಗೆಮನೆ ಬಾಗಿಲಿಂದ ಕೂಗಿಕೊಂಡೇ ಒಳಗೆ ಬರುತ್ತಾರೆ. ಮುಂಬಾಗಿಲು ಅತಿಥಿಗಳಿಗೆ, ಬೌದ್ಧ ಪುರೋಹಿತರಿಗೆ, ಹೆಣಕ್ಕೆ. ಆ ಸದ್ದು ಕೇಳಿದ್ದೇ ನಮ್ಮಮ್ಮನ ಬೆನ್ನು ನೆಟ್ಟಗಾಯಿತು. ಎಂಟು ತಿಂಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದ ಹೆಂಗಸು ಐದು ಹೆಜ್ಜೆ ಹಾಕಿ ಹೋಗಿ, ಮಂಡಿಯೂರಿ ಕೂತು, ಹಣೆ ಚಾಪೆಗೆ ತಾಗುವಂತೆ ನಮಸ್ಕರಿಸಿದರು.

"ಬನ್ನಿ ಬನ್ನಿ, ಈ ಚಳೀಲಿ ಅಷ್ಟು ದೂರದಿಂದ ಬಂದಿದೀರಿ. ಮನೆ ಕೊಳಕಾಗಿದೆ, ಬೇಜಾರು ಮಾಡ್ಕೋಬೇಡಿ."

ನಿಮ್ಮ ಅಧಿಕಾರಿ ಒಳ್ಳೆಯ ಮನುಷ್ಯ. ನಲವತ್ತರ ಆಸುಪಾಸು, ನೀಲಿ ಜಾಕೆಟ್ಟು, ಕಾಲುಚೀಲದ ಹೆಬ್ಬೆರಳಿನಲ್ಲಿ ತೂತು. "ಅಜ್ಜೀ, ಈಗ ಯಾವ ಕಾಲ?" ಎಂದು ಕೇಳಿದರು.

"ಅದೇನು ಕೇಳ್ತೀರಿ, ಅಂಗಳದಲ್ಲಿ ಚಳಿಗಾಲಕ್ಕೆ ಅಂತ ಹಣ್ಣು ಒಣಗ್ತಾ ನೇತಾಡ್ತಿರೋದು ಕಾಣ್ಸಲ್ವಾ? ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ."

ಅವರು ನಕ್ಕರು. ಅಮ್ಮ ಕೈ ಎತ್ತಿದರು, ಎದ್ದರು, ಕೂತರು. ಬಚ್ಚಲಿಗೆ ಒಬ್ಬರೇ ಹೋಗ್ತೀರಾ ಎಂದರೆ, "ಮತ್ತೆ ಊರವರನ್ನೆಲ್ಲ ಕರ್ಕೊಂಡು ಹೋಗ್ಲಾ?" ಎಂದರು. ನಾನು ಹಿಂದಿನಿಂದ ಮೆಲ್ಲಗೆ ತಲೆ ಅಲ್ಲಾಡಿಸಿದೆ. ಅಧಿಕಾರಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಮನೇಲಿ ಜೊತೆಗೆ ಯಾರಿದಾರೆ ಅಜ್ಜೀ?"

"ನನ್ನ ಮಗ ಇದಾನಲ್ಲ, ಕುನಿಹಿಕೊ. ನಮ್ಮ ಪಂಚಾಂಗದ ಕುರಿಯ ವರ್ಷದಲ್ಲಿ ಹುಟ್ಟಿದೋನು. ಸೊಂಟದ ಮಟ್ಟ ಹಿಮ ಬಿದ್ದಿತ್ತು, ಸೂಲಗಿತ್ತಿ ಬರೋ ಹೊತ್ತಿಗೆ ಇವನೇ ಬಂದ್ಬಿಟ್ಟಿದ್ದ. ಅವಸರದೋನು. ಆದ್ರೆ ಒಳ್ಳೆ ಹುಡುಗ."

ಮಾನ್ಯರೇ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಂಟು ತಿಂಗಳಿಂದ ಅಮ್ಮ ನನ್ನನ್ನು ‘ಗಿರಣಿಯವರೇ’ ಎಂದು ಕರೆಯುತ್ತಿದ್ದರು. ಅಕ್ಕಿ ಗಿರಣಿಯಿಂದ ಮೂಟೆ ಹೊರಲು ಬಂದವನು ಎಂದು ತಿಳಿದು ಬಲು ಮರ್ಯಾದೆಯಿಂದ, "ನೀವು ಊಟ ಮಾಡಿದ್ರಾ? ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ" ಎನ್ನುತ್ತಿದ್ದರು. ಹೆತ್ತ ತಾಯಿಯ ಬಾಯಲ್ಲಿ ‘ನೀವು’ ಕೇಳಿಸಿಕೊಂಡು ಬದುಕಿ ನೋಡಿ, ತಿಳಿಯುತ್ತದೆ. ಅನ್ನ ಉಣಿಸಿದವನು ನಾನು, ಉಗುರು ಕತ್ತರಿಸಿದವನು ನಾನು. ನನ್ನ ಹೆಸರು, ನನ್ನ ಹಿಮ, ನನ್ನ ಸೂಲಗಿತ್ತಿ ಸಿಕ್ಕಿದ್ದು ಮಾತ್ರ ಕಾಲುಚೀಲ ತೂತಾದ ಒಬ್ಬ ಅಪರಿಚಿತನಿಗೆ. ಉಮೆನೊ ಅಜ್ಜಿಯ ವ್ಯಾನಿನ ಮೇಲಿನ ಹೊಟ್ಟೆಕಿಚ್ಚು ಏನೂ ಅಲ್ಲ. ನಿಮ್ಮ ಅಧಿಕಾರಿಯ ಮೇಲೆ ಆ ಕ್ಷಣ ನನಗೆ ಬಂದದ್ದು ನಿಜವಾದ ಹೊಟ್ಟೆಕಿಚ್ಚು.

ಅವರು ಹೊರಡಲು ಎದ್ದಾಗ ನಾನು ಹಿಂದೆಯೇ ಹೋಗಿ, ಅವರು ಬೂಟು ಹಾಕಿಕೊಳ್ಳುವಲ್ಲಿ ಲಕೋಟೆಯನ್ನು ಕೈಗೆ ತುರುಕಲು ನೋಡಿದೆ. ಬಿಳಿ ಲಕೋಟೆ, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ. ಅದು ಏನೆಂದು ಕಂಡಿರಬಹುದು ನೀವೇ ಹೇಳಿ. ಅವರು ಕೆಂಪಗಾಗಿ ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲ ಇಲ್ಲ, ನಾವು ಏನನ್ನೂ ತಗೊಳ್ಳೋ ಹಾಗಿಲ್ಲ!"

"ಅಯ್ಯೋ, ಇದು ಅದಲ್ಲ..." ಎಂದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ಗುಡುಗು.

"ಲೋ ಕುನಿಹಿಕೊ! ನಾಚಿಕೆ ಆಗಲ್ವೇನೋ? ಆಫೀಸರಿಗೆ ಲಂಚ ಕೊಡ್ತೀಯಾ? ನಿಮ್ಮಪ್ಪ ಇದ್ದಿದ್ರೆ ಕಂಬಕ್ಕೆ ಕಟ್ಟಿ ಹೊಡೀತಿದ್ರು ನಿನ್ನ! ಒಳಗಿಡೋ ಅದನ್ನ!"

ನಾನು ಒಳಗಿಟ್ಟೆ. ಇದು ಲಂಚವಲ್ಲ, ಓದಿ ನೋಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಯಾಕೆ ಗೊತ್ತೇ? ಎಂಟು ತಿಂಗಳ ಮೇಲೆ ‘ಲೋ’ ಎಂದಿದ್ದರು. ಬೈಸಿಕೊಂಡ ಸಂತೋಷಕ್ಕೆ ನನ್ನ ಬಾಯಿ ಕಟ್ಟಿತ್ತು. ಅವರು ಇನ್ನೆರಡು ಮಾತು ಬೈಯಲಿ ಎಂದು ಅಲ್ಲೇ ನಿಂತಿದ್ದೆ.

ಮುಂಬಾಗಿಲು ಮುಚ್ಚಿತು. ಒಳಗೆ ಹೋದರೆ ಅಮ್ಮ ಕೂತಲ್ಲೇ ಕುಗ್ಗಿದ್ದರು. ಕೂತಿದ್ದ ದಿಂಬು ಪೂರ್ತಿ ಒದ್ದೆಯಾಗಿತ್ತು. ಅತಿಥಿಯ ಎದುರಿನಿಂದ ಎದ್ದು ಬಚ್ಚಲಿಗೆ ಹೋಗಬಾರದೆಂದು ಒಂದು ಗಂಟೆ ಹಿಡಿದುಕೊಂಡು, ಕೊನೆಗೆ ಆಗದೆ ಹೋಗಿತ್ತು. ನನ್ನನ್ನು ನೋಡಿ, "ಗಿರಣಿಯವರೇ, ನೀರು ಚೆಲ್ಲಿಬಿಟ್ಟಿದೆ, ತಪ್ಪು ತಿಳೀಬೇಡಿ" ಎಂದರು. ನಿಮ್ಮ ಎಪ್ಪತ್ತು ಚಿಲ್ಲರೆ ಪ್ರಶ್ನೆಗಳಲ್ಲಿ ಈ ದಿಂಬಿನ ಬಗ್ಗೆ ಒಂದೂ ಇರಲಿಲ್ಲ.

ಡಿಸೆಂಬರಿನಲ್ಲಿ ಪ್ರಮಾಣಪತ್ರ ಬಂತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು, ಬೆರಳಿಟ್ಟು ಓದಿ, "ಒಂದು!" ಎಂದರು. ಮಸಾಯೊ ಬೇಲಿಯಾಚೆಯಿಂದ, ತಮ್ಮ ಅತ್ತೆಗೆ ಮೂರು ಬಂದಿದೆ ಎಂದಳು. ಅಮ್ಮನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಉಮೆನೊ ಮೂರನೇ ಸ್ಥಾನ, ನಾನು ಮೊದಲು! ಶಾಲೇಲೂ ಹಾಗೇನೇ, ಲೆಕ್ಕದಲ್ಲಿ ಅವಳು ಯಾವತ್ತೂ ದಡ್ಡಿ." ಪ್ರಮಾಣಪತ್ರವನ್ನು ನಮ್ಮ ಮನೆಯ ಪೂಜೆಯ ಗೂಡಿನಲ್ಲಿ, ಅಪ್ಪನ ಪಟದ ಮುಂದೆ, ಅನ್ನದ ಬಟ್ಟಲಿನ ಪಕ್ಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಗಂಟೆ ಬಾರಿಸಿ ಅಪ್ಪನಿಗೆ ಓದಿ ಹೇಳುತ್ತಾರೆ. ಏನು ತಿಂದದ್ದು ಎಂಬುದು ಮರೆಯುತ್ತದೆ, ಮೊದಲ ಸ್ಥಾನ ಮರೆಯುವುದಿಲ್ಲ.

ಉಮೆನೊ ಅಜ್ಜಿಗೆ ಮೂರು ಹೇಗೆ ಬಂತು ಎಂಬ ಗುಟ್ಟು ನನಗೆ ತಿಳಿದದ್ದು ಮೊನ್ನೆ, ಮಸಾಯೊ ಮೂಲಂಗಿ ಕೊಡಲು ಬಂದಾಗ. ನಾನು ಕೊಂಕು ನುಡಿದೆ. "ನಿಮ್ಮ ಅದೃಷ್ಟ ಬಿಡು ತಾಯಿ. ವ್ಯಾನೇನು, ಸ್ನಾನವೇನು, ಬಣ್ಣದ ಕೂದಲೇನು!"

"ಅದೃಷ್ಟ ಅಲ್ಲ ಕುನಿಹಿಕೊ ಅಣ್ಣ, ಹಣ್ಣಿನ ಪೆಟ್ಟಿಗೆ," ಎಂದಳು. "ಮುಂಬಾಗಿಲ ಮುಂದೆ ಪೆಟ್ಟಿಗೆ ಪೇರಿಸಿದ್ವಲ್ಲ, ಪರೀಕ್ಷೆಗೆ ಬಂದ ಆ ಮನುಷ್ಯಂಗೆ ದಾರಿ ಇರ್ಲಿಲ್ಲ. ಸುತ್ತಿ ಬಂದು ಅಡುಗೆಮನೆ ಬಾಗಿಲು ತೆಗೆದ. ಅತ್ತೆ ಅರೆಬರೆ ಬಟ್ಟೇಲಿ ಸಾರು ಕುಡೀತಾ ಕೂತಿದ್ರು. ಕಳ್ಳ ಅಂದ್ಕೊಂಡು ಚಪ್ಪಲಿ ಎಸೆದ್ರು. ಆಮೇಲೆ ಒಂದು ಗಂಟೆ ಅವನ ಎದುರೇ ಕಿರುಚಾಡಿದ್ರು, ಅತ್ರು, ನನ್ನ ಕೈ ಕಚ್ಚಿದ್ರು. ಮನೇಲಿ ದಿನಾ ಇರೋ ಹಾಗೇ ಇದ್ರು, ಅಷ್ಟೇ."

ನೋಡಿದಿರಾ? ಎರಡು ಮನೆ, ಒಂದೇ ವಾರ, ಅದೇ ಅಧಿಕಾರಿ, ಅದೇ ಪ್ರಶ್ನೆ. ನೀವು ಅಳೆದದ್ದು ಮುದುಕಿಯರನ್ನಲ್ಲ, ಬಾಗಿಲುಗಳನ್ನು. ಮಸಾಯೊಗೆ ಸಿಕ್ಕಿದ್ದು ಸಿಗಬಾರದಿತ್ತು ಎಂದು ನಾನು ಹೇಳುವುದಿಲ್ಲ. ಅವಳ ಕೈಯಲ್ಲಿ ಹಲ್ಲಿನ ಗುರುತು ಇನ್ನೂ ಇದೆ. ಕಿತ್ತುಕೊಳ್ಳಿ ಎನ್ನುವುದು ನನ್ನ ಹೊಟ್ಟೆಕಿಚ್ಚಲ್ಲ, ನನಗೂ ಕೊಡಿ ಎನ್ನುವುದು.

ನನಗೀಗ ಅದು ಬೇಕೇಬೇಕು. ಮಾರ್ಚ್ ಎರಡನೇ ವಾರ ನನ್ನ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಮೂರು ವಾರ ಆಸ್ಪತ್ರೆಯಲ್ಲಿರಬೇಕು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮನೆಯಲ್ಲಿ ಬೇರೆ ಯಾರೂ ಇಲ್ಲ. ವಯಸ್ಸಾದವರನ್ನು ಕೆಲವು ದಿನ ಇರಿಸಿಕೊಂಡು ನೋಡಿಕೊಳ್ಳುವ ನಿಮ್ಮ ತಂಗುಮನೆ ಇದೆ. ಆದರೆ ‘ಬೆಂಬಲ ಒಂದು’ ಇರುವವರಿಗೆ ಅಲ್ಲಿ ಸಿಗುವುದು ನಾಲ್ಕೈದು ದಿನ ಎಂದು ನಿಮ್ಮ ಕಚೇರಿಯ ಕಿಟಕಿಯಲ್ಲಿ ಹೇಳಿದರು. ಉಳಿದ ದಿನ ಅಮ್ಮನನ್ನು ಎಲ್ಲಿ ಬಿಡಲಿ? ಗ್ಯಾಸಿನ ಒಲೆಯ ಜೊತೆಗೆ? ಶಸ್ತ್ರಚಿಕಿತ್ಸೆ ಒಮ್ಮೆ ಮುಂದೂಡಿದ್ದೇನೆ. ಇನ್ನೊಮ್ಮೆ ಮುಂದೂಡಿದರೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ವೈದ್ಯರು ಎಚ್ಚರಿಸಿದ್ದಾರೆ. ಆಗ ನೀವು ಈ ಮನೆಗೆ ಎರಡು ಅಂಕೆ ಕೊಡಬೇಕಾಗುತ್ತದೆ.

ಮರುಪರೀಕ್ಷೆಗೆ ಅರ್ಜಿ ಹಾಕಿದೆ. ನಿನ್ನೆ ನಿಮ್ಮ ಉತ್ತರ ಬಂತು. ಫೆಬ್ರವರಿ ಹನ್ನೆರಡು, ಬೆಳಿಗ್ಗೆ ಹತ್ತು ಗಂಟೆ, ಅಧಿಕಾರಿ ಬರುತ್ತಾರೆ. ಕಾಗದ ಅಮ್ಮನ ಕೈಗೇ ಸಿಕ್ಕಿತು. ಸಂಜೆಯೊಳಗೆ ಬೂದುಬಣ್ಣದ ಕಿಮೊನೊ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. "ಗಿರಣಿಯವರೇ, ಈ ಸಲಾನೂ ನಾನೇ ಮೊದಲು, ನೋಡ್ತಿರಿ" ಎಂದು ಬಾಯಿಪಾಠ ಶುರು ಮಾಡಿದ್ದಾರೆ: ಇದು ಫೆಬ್ರವರಿ, ಹೊರಗೆ ಹಿಮ, ನನ್ನ ಮಗ ಕುನಿಹಿಕೊ. ನನ್ನ ಎದುರೇ ಕೂತು ನನ್ನ ಹೆಸರನ್ನು ನಿಮ್ಮವರಿಗಾಗಿ ಅಭ್ಯಾಸ ಮಾಡುತ್ತಿದ್ದಾರೆ.

ಆದ್ದರಿಂದ ಈ ಪತ್ರವನ್ನು ಊರಿನ ಪತ್ರಿಕೆಗೆ ಕೊಡುತ್ತಿದ್ದೇನೆ. ಲಕೋಟೆಯಲ್ಲಿಟ್ಟರೆ ನಿಮ್ಮವರು ಮುಟ್ಟುವುದಿಲ್ಲ. ಆ ಎರಡು ಹಾಳೆಯಲ್ಲಿ ಇದ್ದದ್ದೆಲ್ಲ ಈಗ ಇಲ್ಲಿದೆ. ಒಲೆ, ದಿಂಬು, ‘ನೀವು’, ಎಲ್ಲವೂ.

ನನ್ನ ಬೇಡಿಕೆ ದೊಡ್ಡದಲ್ಲ. ಹನ್ನೆರಡನೇ ತಾರೀಕು ಬರಬೇಡಿ. ಅದಕ್ಕೆ ಮುಂಚೆ ಯಾವತ್ತಾದರೂ ಒಂದು ದಿನ, ಹೇಳದೆ, ಬ್ಯಾಡ್ಜು ಕಡತ ಎಲ್ಲ ಚೀಲದಲ್ಲಿಟ್ಟು, ಅಡುಗೆಮನೆ ಬಾಗಿಲಿಂದ ಬನ್ನಿ. ಕೈಯಲ್ಲಿ ಒಂದು ಮೂಲಂಗಿ ಇರಲಿ. ಮೂಲಂಗಿ ಹಿಡಿದವರನ್ನು ಅಮ್ಮ ಅತಿಥಿ ಎಂದುಕೊಳ್ಳುವುದಿಲ್ಲ. ತರಲು ನಿಮ್ಮ ನಿಯಮ ಅಡ್ಡ ಬಂದರೆ ನಮ್ಮದೇ ಒಂದನ್ನು ಹಿತ್ತಲ ಬೇಲಿಗೆ ಒರಗಿಸಿರುತ್ತೇನೆ, ಎತ್ತಿಕೊಂಡು ಬನ್ನಿ. ಒಂದು ಗಂಟೆ ಸುಮ್ಮನೆ ಕೂತು ನೋಡಿ, ಪ್ರಶ್ನೆ ಬೇಡ.

ಇನ್ನೊಂದು ಮಾತು. ಹೊಸ ಪ್ರಮಾಣಪತ್ರದಲ್ಲಿ ಎರಡೋ ಮೂರೋ ನಾಲ್ಕೋ, ಏನು ಬಂದರೂ ಅದನ್ನು ಅಂಚೆಯಲ್ಲಿ ಕಳಿಸಬೇಡಿ. ನಾನೇ ಕುಂಟುತ್ತ ಕಚೇರಿಗೆ ಬಂದು ತೆಗೆದುಕೊಳ್ಳುತ್ತೇನೆ. ಹಳೆಯದನ್ನು ಹಿಂದಿರುಗಿಸಿ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅದು ಅಪ್ಪನ ಪಟದ ಮುಂದೆ ಹಾಗೇ ಇರಲಿ. ಪಕ್ಕದ ಮನೆಯ ಉಮೆನೊಗಿಂತ ನಮ್ಮಮ್ಮ ಮೊದಲು ಎಂಬುದನ್ನು ನಿಮ್ಮ ಕಚೇರಿ ಇಡೀ ಸೇರಿ ಅಲ್ಲಗಳೆಯುವುದು ನನಗೆ ಬೇಕಿಲ್ಲ.

ಇಂತಿ,
ಹಿತ್ತಲ ಬಾಗಿಲ ಚಿಲಕ ತೆಗೆದಿಟ್ಟು ಕಾಯುತ್ತಿರುವ
ಅಕ್ಕಿ ಗಿರಣಿಯವನು
(ಹೆತ್ತವರು ಇಟ್ಟ ಹೆಸರು ಕುನಿಹಿಕೊ ಅದಾಚಿ)