ಲ್ಯಾಟಿನ್ ಪುಸ್ತಕದ ಮೇಲಿನ ವಿಭೂತಿ

೧೦ ಜೂನ್ ೧೯೫೬, ಭಾನುವಾರ. ಹುಣಸೂರು.

ಬೆಳಿಗ್ಗೆ ಧೂಳು ಹೊಡೆಯುವಾಗ ಕಂಡಿತು: ನನ್ನ ಕಾಲೇಜಿನ ಲ್ಯಾಟಿನ್ ಪುಸ್ತಕದ ರಟ್ಟಿನ ಮೇಲೆ ಅಜ್ಜಿಯ ಮೂರು ಬೆರಳಿನ ವಿಭೂತಿ, ಮಾಸಿದ್ದರೂ ಇನ್ನೂ ಇದೆ. ಒರೆಸಲಿಲ್ಲ.

ಆಯುಧಪೂಜೆಯ ದಿನ ಅದಕ್ಕೆ ಹಚ್ಚುತ್ತಿದ್ದಳು, ನನ್ನ ಫ್ರೆಂಚ್ ಪುಸ್ತಕಕ್ಕೆ ಇಲ್ಲ. "ಅದು ಬರೀ ಮಾತು ಕಣವ್ವ, ಇದು ಮಂತ್ರ." ಸಂತೆಗೆ ಹೋಗುವಾಗ ಚರ್ಚಿನ ಪಾದ್ರಿ ಲ್ಯಾಟಿನ್ ಹಾಡುವುದನ್ನು ಕೇಳಿದ್ದಳಂತೆ. ದೀಪ ಹಚ್ಚಿದ ಮೇಲೆ ನಾನು ಓದಬೇಕು, ಅವಳು ಕೈಮುಗಿದು ಕೂರುತ್ತಿದ್ದಳು. ಓದುತ್ತಿದ್ದುದು ಸೈನ್ಯವೊಂದು ಹೊಳೆ ದಾಟುವ ಕಥೆ! ಒಂದು ಸಂಜೆ ನಾಚುತ್ತಲೇ ಹೇಳಿಬಿಟ್ಟೆ. ಅಜ್ಜಿ ಮುಗಿದ ಕೈ ಇಳಿಸಲಿಲ್ಲ. "ಪಾಪ, ಎಲ್ಲಾರೂ ದಾಟುದ್ರಾ?"

ಅವಳು ಹೋದ ಮೇಲೆ ಆ ಪುಸ್ತಕವನ್ನು ಗಟ್ಟಿಯಾಗಿ ಓದಿಲ್ಲ.

ಮದರಾಸಿನಲ್ಲಿ ಲ್ಯಾಟಿನ್, ಫ್ರೆಂಚ್ ಎಂ.ಎ.ಗೆ ಸೀಟು ಸಿಕ್ಕಿದೆ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, "ಅಷ್ಟು ದೂರ ಒಬ್ಳೇನಾ? ಮೈಸೂರಲ್ಲೇ ಕನ್ನಡ ಓದ್ಕೋ ಬುಡು. ಬೆಳಿಗ್ಗೆ ಒಂದ್ಮಾತು ಯೋಳು" ಎಂದರು. ನಾನು ಎಂದಿನಂತೆ ತಟ್ಟೆ ನೋಡುತ್ತಾ ಕುಳಿತೆ. ಅದನ್ನೇ ಒಪ್ಪಿಗೆ ಎಂದುಕೊಂಡಿರಬೇಕು.

ವಿಭೂತಿ ಅಳಿಸಿಹೋಗದಂತೆ ಪುಸ್ತಕಕ್ಕೆ ಅಜ್ಜಿಯ ಹಳೇ ಸೀರೆಯ ತುಂಡು ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೆಳಗಿಡುವ ಮೊದಲೇ, ಮದರಾಸಿಗೆ ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು. ತಟ್ಟೆ ನೋಡುತ್ತಾ ಅಲ್ಲ, ಮುಖ ನೋಡಿಯೇ ಹೇಳುವುದು.