ಒಡೆಯದ ಹತ್ತು ಕಾಯಿ

ನೊಣವಿನಕೆರೆ
೧೯-೭-೧೯೮೩

ಪ್ರೀತಿಯ ಗೌರಿಗೆ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೆ? ಎಂಟು ತಿಂಗಳು ತುಂಬಿದೆ, ತವರುಮನೆ ಎಂದು ಕೊಟ್ಟಿಗೆ ಬಾಚಲು ಹೋಗಬೇಡ. ನಿನ್ನಷ್ಟು ಹಟದ ಬಸುರಿಯನ್ನು ಅತ್ತೆಯವರು ಹೇಗೆ ಸಂಭಾಳಿಸುತ್ತಾರೋ! ಇಲ್ಲಿ ಅವ್ವ ಆರೋಗ್ಯವಾಗಿದ್ದಾಳೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಹಾಲು ಕರೆಯಲು ಕೂತರೆ ನನ್ನನ್ನು ಒದೆಯುತ್ತದೆ, ಅದಕ್ಕೂ ನೀನೇ ಬೇಕು.

ಈಗ ಮನಸ್ಸು ಗಟ್ಟಿ ಮಾಡಿಕೊಂಡು ಓದು. ತಿಪಟೂರಿನ ಕಾಯಿಪುಡಿ ಕಾರ್ಖಾನೆಯ ಕೆಲಸ ಹೋಯಿತು. ಆರು ತಿಂಗಳ ತರಬೇತಿಯಲ್ಲಿ ಹದಿನೆಂಟೇ ದಿನ ಉಳಿದಿತ್ತು. ಮೇಸ್ತ್ರಿಯಾಗುವವನು ಕಾಯಿ ಒಡೆಯುವುದರಿಂದ ಹಿಡಿದು ಪುಡಿಯ ಮೂಟೆ ಹೊಲಿಯುವವರೆಗೆ ಎಲ್ಲವನ್ನೂ ಕೈಯಾರೆ ಮಾಡಿ ತೋರಿಸಬೇಕು. ಬಸುರಿಯ ಗಂಡ ಕಾಯಿ ಒಡೆಯಬಾರದಲ್ಲ, ಅದಕ್ಕೆ ಸೇರಿದ ದಿನದಿಂದಲೂ ನನ್ನ ಪಾಲಿನ ಕಾಯಿಗಳನ್ನು ಜೊತೆಯವನಾದ ಈರಣ್ಣ ಒಡೆಯುತ್ತಿದ್ದ, ಅವನ ಪಾಲಿನ ಮೂಟೆಗಳನ್ನು ನಾನು ಹೊರುತ್ತಿದ್ದೆ. "ದ್ಯಾವ್ರ ಮುಂದೆ ಒಡಿಯೋದು ಬ್ಯಾರೆ, ಕೂಲಿಗೆ ಒಡಿಯೋದು ಬ್ಯಾರೆ ಕಣ್ಲಾ" ಎಂದು ಎಷ್ಟೋ ಸಲ ನಕ್ಕಿದ್ದಾನೆ. ನನಗೆ ಧೈರ್ಯ ಬರಲಿಲ್ಲ.

ಶನಿವಾರ ಪರೀಕ್ಷೆ. ಸೂಪರ್‌ವೈಸರ್ ಶಂಭುಲಿಂಗಯ್ಯನವರು ಹತ್ತು ಕಾಯಿ ತಂದು ನನ್ನ ಮುಂದಿಟ್ಟರು. ಮಚ್ಚು ಹಿಡಿದೆ, ಕೈ ಮೇಲೇಳಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಇದ್ದದ್ದು ಇದ್ದಂತೆ ಹೇಳಿ, ಹೆರಿಗೆಯಾಗುವವರೆಗೆ ಬಿಡಿ ಎಂದು ಬೇಡಿಕೊಂಡೆ. ಅವರು ಕೆಟ್ಟವರಲ್ಲ. "ನಂಗೂ ಹೆಂಡ್ತಿ ಮಕ್ಕಳವ್ರೆ ಕಣಪ್ಪ. ಆದ್ರೆ ಕಾಯಿ ಒಡೀದೋನ್ನ ಇಲ್ಲಿ ಏನಂತ ಇಟ್ಕೊಳ್ಳಲಿ?" ಎಂದರು. ನಿನ್ನೆ, ಕೆಲಸಕ್ಕೆ ಬೇಡವೆಂದು ಬರೆದ ಕಾಗದ ಕೈಗೆ ಬಂತು.

ಅವಮಾನವಾಯಿತು ಗೌರಿ. ಬಸ್ಸನ್ನೂ ಹತ್ತದೆ ಊರಿನವರೆಗೆ ನಡೆದೇ ಬಂದೆ. ಬಾಣಂತನ ಮುಗಿದ ಮೇಲೆ ತಿಪಟೂರಿನಲ್ಲಿ ಮನೆ ಮಾಡೋಣ ಎಂದಿದ್ದೆ, ಅದು ಸದ್ಯಕ್ಕಿಲ್ಲ. ಇಲ್ಲೇ ಊರಿನ ಕೆಂಚಪ್ಪನವರು ತಮ್ಮ ಎತ್ತಿನ ಗಾಡಿ ಹೊಡೆಯಲು ಕರೆದಿದ್ದಾರೆ, ನಾಳೆಯಿಂದ ಹೋಗುತ್ತೇನೆ. ನೀನು ಕೊರಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ದೇವರು ತಣ್ಣಗಿಟ್ಟಿರಲಿ.

ಇತಿ ನಿನ್ನ,
ಬಸವರಾಜು

ವಿ.ಸೂ.: ಅಂಚೆಯವನು ಬರುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಕಾಗದ ಅಂಟಿಸಲಾರೆ. ಮೊದಲ ಕೂಸು ಹೊಟ್ಟೆಯಲ್ಲೇ ಹೋದಾಗ, ನೀನು ತುಂಬಿದ ಕೊಡ ಎತ್ತಿದ್ದಕ್ಕೇ ಹೀಗಾಯಿತು ಎಂದು ಅವ್ವ ಅಂದಳು. ನೀನು ತಲೆ ತಗ್ಗಿಸಿದೆ, ನಾನು ಸುಮ್ಮನಿದ್ದೆ. ಕೂಸು ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಅವ್ವ ಬೇಡವೆಂದಿದ್ದರೂ ಅವಳಿಗೆ ತಿಳಿಯದಂತೆ, ಗೆಳೆಯನ ಹೊಸ ಲಾರಿಯ ಮುಂದೆ ನಾನು ಕಾಯಿ ಒಡೆದಿದ್ದೆ. ಅದರಿಂದಲೇ ಹೋಯಿತೋ ಏನೋ ನನಗೆ ಗೊತ್ತಿಲ್ಲ. ಎರಡು ವರ್ಷ ಆ ಮಾತನ್ನು ನೀನೊಬ್ಬಳೇ ಹೊರುವಂತೆ ಮಾಡಿದೆನಲ್ಲ, ಆ ತಪ್ಪು ಮಾತ್ರ ನನ್ನದೇ. ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿಬಿಟ್ಟೆ. ಶುಕ್ರವಾರದ ಬಸ್ಸಿಗೆ ಹಂದನಕೆರೆಗೆ ಬರುತ್ತಾಳಂತೆ, ನಿನ್ನ ಕೈ ಹಿಡಿದುಕೊಂಡು ಒಂದು ಮಾತು ಹೇಳಬೇಕಂತೆ.