ಕೆಮ್ಮಣ್ಣಿನ ಪಟ್ಟಿ

ಮೊಳಕಾಲ್ಮೂರಿನ ಅವ್ವನಿಗೆ,

ಆಶಾ ಮಾಡೋ ನಮಸ್ಕಾರ. ಫೋನಲ್ಲಿ ಹೇಳೋಕೆ ಧೈರ್ಯ ಸಾಲದೆ ಬರೀತಿದೀನಿ.

ಇಂಟೀರಿಯರ್ ಕ್ಲಾಸಲ್ಲಿ ಈ ವಾರ ವಸುಧಾ ದಫ್ತರಿ ಅನ್ನೋ ದೊಡ್ಡ ಡಿಸೈನರ್ ಬಗ್ಗೆ ಪಾಠ. ಅವರು ತೀರಿಕೊಂಡು ಹತ್ತು ವರ್ಷ ಆದ್ರೂ ಎಲ್ಲರೂ ಅವರ ಸ್ಟೈಲನ್ನೇ ಮಾಡ್ತಾರಂತೆ. ಸ್ಲೈಡಲ್ಲಿ ನೋಡಿದ್ರೆ ಬಿಳಿ ಗೋಡೆ, ಕೆಳಗೆ ಮೂರಡಿ ಕೆಮ್ಮಣ್ಣಿನ ಪಟ್ಟಿ. ನಮ್ಮ ಮಗ್ಗದ ಕೋಣೆ ಥರಾನೇ ಐತೆ ಅವ್ವ.

ತಡೀಲಾರದೆ, "ಸರ್, ನಮ್ಮನೇಲೂ ಹಿಂಗೇ ಇತ್ತು" ಅಂದೆ.

"ನೋಡ್ರಪ್ಪಾ, ಮೇಡಂ ಇನ್‌ಫ್ಲುಯೆನ್ಸ್ ಮೊಳಕಾಲ್ಮೂರಿನವರೆಗೂ ಹೋಗೈತೆ" ಅಂದ್ರು ಸರ್. ಎಲ್ಲಾ ನಕ್ರು.

ಅಜ್ಜಿ ಮಗ್ಗದ ಕುಣೀಲಿ ಕಾಲು ಇಳಿಬಿಟ್ಟು ಕೂತು ಗೋಡೆಗೆ ಒರಗಿದಾಗ ತಲೆ ಎಣ್ಣೆ ಕಲೆ ಆಗ್ತಿತ್ತು, ಅದು ಕಾಣದಿರಲಿ ಅಂತ ನೀನು ಅಷ್ಟೆತ್ತರ ಕೆಮ್ಮಣ್ಣು ಬಳೀತಿದ್ದೆ. ಅದನ್ನ ಹೇಳ್ಬೇಕಿತ್ತು.

ಸರ್ ಆ ಗೋಡೆ ಫೋಟೋ ತಂದು ತೋರಿಸು ಅಂದಿದಾರೆ. ಎಲ್ಲಿಂದ ತರ್ಲಿ? ದೀಪಾವಳಿಗೆ ಫ್ರೆಂಡ್ಸ್ ಬರ್ತಾರೆ, ನಾಚಿಕೆ ಆಗುತ್ತೆ ಅಂತ ಹಠ ಮಾಡಿ ಪೂರ್ತಿ ಬಿಳಿ ಪೇಂಟ್ ಹೊಡೆಸಿದ್ದು ನಾನೇ. ಅವರು ಬರಲೂ ಇಲ್ಲ. ಯೋಚನೆ ಮಾಡಿ ಮಾಡಿ ಸುಸ್ತಾಗೈತೆ.

ಭಾನುವಾರ ಚಳ್ಳಕೆರೆ ಬಸ್ಸಿಗೆ ಬರ್ತೀನಿ. ಒಂದು ಬುಟ್ಟಿ ಕೆಮ್ಮಣ್ಣು ತರಿಸಿ ನೆನೆಹಾಕು. ಪೇಂಟ್ ಮೇಲೆ ಮಣ್ಣು ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ, ನಾನೇ ಬಳೀತೀನಿ. ನಿನಗೆ ಸೊಂಟ ನೋವು, ನೀನು ಬಗ್ಗಬೇಡ. ಮಗ್ಗಕ್ಕೆ ಕೂತು ಗೋಡೆಗೆ ಒರಗು, ಸಾಕು. ನಿನ್ನ ತಲೆ ತಾಗಿದ ಕಡೆ ಗೆರೆ ಎಳ್ಕೋತೀನಿ.

ತಲೆಗೆ ಎಣ್ಣೆ ಹಚ್ಕೊಂಡೇ ಕೂತ್ಕೋ.

ನಿನ್ನ ಮಗಳು,
ಆಶಾ